ಆರುನೂರು ಕ್ವಾರ್ಟ್ ಮೆಕ್ಕೆಜೋಳ

ಗುತ್ತೂರು

ನಮ್ಮ ಮೊದಲ ವಿದೇಶ ಪ್ರಯಾಣ ಶುರುವಾದದ್ದು ಮೊಬೈಲಿಗೆ ಬಂದ ಎರಡು ಸಾಲಿನಿಂದ. ‘ಎಂಟು ಮನೆಗೆ ಎಂಟು ಕಣಜ ಬೇಕು. ಒಂದೊಂದರಲ್ಲೂ ಆರುನೂರು ಕ್ವಾರ್ಟ್ ಮೆಕ್ಕೆಜೋಳ ಹಿಡಿಯಬೇಕು.’

ಬರೆದವರು ನಾರ್ಮಾ ಎಂಬ ಹೆಂಗಸು. ಅವರದು ಮಧ್ಯ ಅಮೆರಿಕದ ಬೆಲೀಜ್ ಎಂಬ ಪುಟ್ಟ ದೇಶದ ದಕ್ಷಿಣದಲ್ಲಿರುವ ಒಂದು ಹಳ್ಳಿ. ಎರಡು ವರ್ಷದ ಹಿಂದೆ ಅಲ್ಲಿನ ರೈತ ಹೆಂಗಸರ ಗುಂಪೊಂದು ಮೆಕ್ಕೆಜೋಳ ಕೂಡಿಡುವ ಬಗೆ ನೋಡಲು ದಾವಣಗೆರೆಗೆ ಬಂದಿತ್ತು. ಹರಿಹರದ ಪಕ್ಕ ಗುತ್ತೂರಿನಲ್ಲಿರುವ ನಮ್ಮ ತಗಡಿನ ಕೆಲಸದ ಶೆಡ್ಡಿಗೂ ಅವರನ್ನು ಕರೆತಂದಿದ್ದರು. ಆಗ ನಾರ್ಮಾ ಒಂದು ಕಣಜದೊಳಗೆ ತಲೆ ಹಾಕಿ ಕೂಗಿ, ಅದರ ಸದ್ದು ಕೇಳಿ ನಕ್ಕದ್ದು ನನಗೆ ನೆನಪಿದೆ. ಈಗ ಅವರ ಸಂಘಕ್ಕೆ ಯಾರೋ ಧರ್ಮಸಂಸ್ಥೆಯವರ ನೆರವು ಸಿಕ್ಕಿತ್ತು. ತಗಡು ನಾವು ಹಡಗಿನಲ್ಲಿ ಮುಂಚೆಯೇ ಕಳಿಸಬೇಕು, ಆಮೇಲೆ ನಾವೇ ಹೋಗಿ ಜೋಡಿಸಿ ಬರಬೇಕು. ನಾವೆಂದರೆ, ಶೆಡ್ಡಿನ ಲೆಕ್ಕಪತ್ರ ನೋಡುವ ನಾನು ಮತ್ತು ನಮ್ಮ ಮಾವನವರ ಕಾಲದಿಂದ ಅಲ್ಲಿ ತಗಡು ಬಡಿಯುತ್ತಿರುವ ಖಾದರ್ ಚಾಚಾ.

ಕ್ವಾರ್ಟ್ ಎಂದರೆ ಎಷ್ಟು? ನಾವು ಕಣಜದ ಮೈಮೇಲೆ ಬರೆಯುವುದು ಘನ ಮೀಟರಿನಲ್ಲಿ. ಮೊಬೈಲಿನಲ್ಲಿ ಹುಡುಕಿದೆ, ಒಂದು ಲೀಟರಿಗಿಂತ ಕೊಂಚ ಕಡಿಮೆ. ಘನ ಮೀಟರಿನಲ್ಲಿ ಹೇಳಿದರೆ ಒಂದು ಕ್ವಾರ್ಟಿಗೆ ಸೊನ್ನೆ ಬಿಂದು, ಆಮೇಲೆ ಮೂರು ಸೊನ್ನೆ, ಆಮೇಲೆ ಒಂಬೈನೂರ ನಲವತ್ತಾರು. ಆ ಮೂರು ಸೊನ್ನೆಗಳನ್ನು ಕಂಡೇ ನನಗೆ ಹೆದರಿಕೆಯಾಯಿತು. ಒಂದು ಸೊನ್ನೆ ಜಾರಿದರೆ ಕಣಜ ಮನೆಯಷ್ಟಾಗುತ್ತದೆ, ಒಂದು ಹೆಚ್ಚಾದರೆ ಕೊಡದಷ್ಟಾಗುತ್ತದೆ. ನಾಲ್ಕು ಸಲ ಗುಣಿಸಿದೆ. ನಾಲ್ಕು ಸಲವೂ ಅರ್ಧ ಘನ ಮೀಟರಿಗಿಂತ ಸ್ವಲ್ಪ ಹೆಚ್ಚು ಎಂದೇ ಬಂತು.

“ಅಕ್ಕಾರ, ಎಂಟಡಿ ನಾಕಡಿ ಶೀಟ್ ಒಂದು ಸುತ್ತಿದ್ರೆ ಸರಿಯಾಗಿ ಇಷ್ಟೇ ಹಿಡಿತೈತೆ. ಕತ್ತರಿ ಹಾಕೋ ಕೆಲ್ಸಾನೇ ಇಲ್ಲ,” ಎಂದರು ಚಾಚಾ. ಅವರಿಗೆ ಖುಷಿಯಾಗಿತ್ತು. ಇಷ್ಟು ಸರಿಯಾಗಿ ಕೂತದ್ದು ನನಗೆ ಅನುಮಾನ ಹುಟ್ಟಿಸಿತು. ಆದರೂ ಎಂಟು ಶೀಟು, ಹದಿನಾರು ದುಂಡನೆಯ ತಳ-ಮುಚ್ಚಳ ಕಟ್ಟಿ ಕಳಿಸಿಬಿಟ್ಟೆವು.

ಮೂರನೆಯ ವಿಮಾನಕ್ಕೆ ಕಾಯುತ್ತಾ

ಎರಡು ವಿಮಾನ ದಾಟಿಬಂದ ಚಾಚಾರ ಕೊಡತಿ ಮೂರನೆಯ ನಿಲ್ದಾಣದ ತಪಾಸಣೆಯಲ್ಲಿ ಹೋಯಿತು. ತಗಡಿನ ಅಂಚು ಮಡಚುವ ಮರದ ಸುತ್ತಿಗೆ ಅದು. ನಾನು ಎಷ್ಟು ಹೇಳಿದರೂ ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಂಡಿದ್ದರು. ತಪಾಸಣೆಯವನು ಅದನ್ನು ಹೊರಗೆ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಮೂವತ್ತು ವರ್ಷ ಆತ್ರಿ ಅದು ನನ್ ಕೈಯಾಗೈತೆ,” ಎಂದು ಚಾಚಾ ಅವನಿಗೆ ಕನ್ನಡದಲ್ಲೇ ಹೇಳಿದರು. ಅವನು ಬಹಳ ಮರ್ಯಾದೆಯಿಂದ ತಲೆಯಾಡಿಸಿ ಕೊಡತಿಯನ್ನು ಕಸದ ಡಬ್ಬಿಗೆ ಹಾಕಿದ.

ಆಮೇಲೆ ಚಾಚಾ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಆ ಹೊತ್ತಿನಲ್ಲಿ ನಾನು ಮಾಡಬಾರದ ಕೆಲಸ ಮಾಡಿದೆ, ಮತ್ತೆ ಮೊಬೈಲ್ ತೆಗೆದು ಕ್ವಾರ್ಟ್ ಎಂದು ಹುಡುಕಿದೆ. ಈ ಸಲ ಇನ್ನೂ ಕೆಳಗಿನವರೆಗೆ ಓದಿದೆ. ಕ್ವಾರ್ಟ್ ಒಂದೇ ಅಲ್ಲವಂತೆ. ಹಾಲು ಎಣ್ಣೆಗೆ ಅಮೆರಿಕದವರ ಒಂದು ಕ್ವಾರ್ಟ್, ಕಾಳುಕಡ್ಡಿಗೆ ಅವರದೇ ಇನ್ನೊಂದು, ಬ್ರಿಟಿಷರ ಕಾಲದ್ದು ಎರಡಕ್ಕಿಂತಲೂ ದೊಡ್ಡದು. ನಾನು ಲೆಕ್ಕ ಹಾಕಿದ್ದು ಎಣ್ಣೆಯದು. ಬೆಲೀಜನ್ನು ಆಳಿದವರು ಬ್ರಿಟಿಷರು. ಕಾಳಿನ ಕಣಜಕ್ಕೆ ಎಣ್ಣೆಯ ಅಳತೆ ಹಾಕಿದ್ದೇನೆಯೇ? ಬ್ರಿಟಿಷರ ಲೆಕ್ಕದಲ್ಲಿ ಆರುನೂರು ಎಂದರೆ ನಮ್ಮ ಕಣಜದಲ್ಲಿ ಒಂದೊಂದು ಮನೆಯ ನೂರು ಕ್ವಾರ್ಟ್ ಹೊರಗೇ ಉಳಿಯುತ್ತದೆ.

“ಯಾಕ್ರಿ ಅಕ್ಕಾರ, ಮುಖ ಹಿಂಗಾತು?”

“ಏನಿಲ್ಲ ಚಾಚಾ. ತಲೆನೋವು.”

ತಗಡು ಅಷ್ಟು ಹೊತ್ತಿಗೆ ಹಡಗಿಳಿದು ಆ ಹಳ್ಳಿ ಸೇರಿಯಾಗಿತ್ತು. ಹೇಳಿ ಪ್ರಯೋಜನವೇನು? ಮೂರನೆಯ ವಿಮಾನದಲ್ಲಿ ಕೊಟ್ಟ ಕಾಗದದ ಕರವಸ್ತ್ರದ ತುಂಬ ಗುಣಾಕಾರ ಬರೆದೆ. ಊಟ ಸೇರಲಿಲ್ಲ.

ಹಳದಿ ಬಸ್ಸು

ಬೆಲೀಜಿನಲ್ಲಿ ಓಡುವ ಬಸ್ಸುಗಳು ಅಮೆರಿಕದ ಶಾಲೆಗಳು ಬಿಟ್ಟುಕೊಟ್ಟ ಹಳೆಯ ಬಸ್ಸುಗಳು. ಹಳದಿ ಬಣ್ಣವನ್ನೂ ಹಲವು ಕಡೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಸೀಟು ಮಕ್ಕಳ ಅಳತೆಯವು. ಚಾಚಾರ ಮಂಡಿ ಮುಂದಿನ ಸೀಟಿಗೆ ಒತ್ತಿ, ಆರು ತಾಸು ಅವರು ಸುಟ್ಟ ಹಪ್ಪಳದ ಹಾಗೆ ಮುದುಡಿ ಕೂತರು. ಹತ್ತಿದವರೆಲ್ಲ ಮೊದಲು ಬಸ್ಸಿಗೆಲ್ಲ ಕೇಳುವಂತೆ ‘ಗುಡ್ ಮಾರ್ನಿಂಗ್’ ಎನ್ನುತ್ತಿದ್ದರು. ಒಳಗಿದ್ದವರು ಒಟ್ಟಾಗಿ ಉತ್ತರ ಕೊಡುತ್ತಿದ್ದರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ದಾವಣಗೆರೆ ಬಸ್ ಸ್ಟ್ಯಾಂಡಿನಿಂದ ಬಂದ ನಮಗೆ ಇದು ಮದುವೆಮನೆಯ ಹಾಗೆ ಕಂಡಿತು. ಮೂರನೆಯ ಊರಿನ ಹೊತ್ತಿಗೆ ಚಾಚಾ ಕೂಡ ಜೋರಾಗಿ ‘ಗುಡ್ ಮಾರ್ನಿಂಗ್’ ಎನ್ನತೊಡಗಿದರು. ಆಗ ಮಧ್ಯಾಹ್ನ ದಾಟಿತ್ತು.

ಬಸ್ಸು ನಿಂತ ಒಂದು ಕಡೆ ಅಂಗಡಿಯ ಕಪಾಟಿನಲ್ಲಿ ಎಂಜಿನ್ ಆಯಿಲ್ ಬಾಟಲಿಗಳಿದ್ದವು. ಮೇಲೆ ‘ಒಂದು ಕ್ವಾರ್ಟ್’ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂಬೈನೂರ ನಲವತ್ತಾರು ಮಿಲಿ. ನಾನು ಆ ಬಾಟಲಿಯನ್ನು ಎತ್ತಿ ಎದೆಗೆ ಒತ್ತಿಕೊಂಡೆ. ಅಂಗಡಿಯಾಕೆ ನನಗೆ ಬಿಸಿಲು ಹತ್ತಿದೆ ಎಂದುಕೊಂಡು ನೀರು ಕೊಟ್ಟಳು. ಈ ದೇಶದ ಕ್ವಾರ್ಟೇ ನನ್ನ ಕ್ವಾರ್ಟ್! ಉಳಿದ ದಾರಿಯೆಲ್ಲ ನಾನು ಕಿತ್ತಳೆ ತೋಟ ನೋಡಿದೆ, ಕಂಬದ ಮೇಲಿನ ಮನೆಗಳನ್ನು ನೋಡಿದೆ, ನಿದ್ದೆಯನ್ನೂ ಮಾಡಿದೆ.

ನಾರ್ಮಾರ ಅಂಗಳ

ನಾರ್ಮಾ ಅರವತ್ತರ ಆಸುಪಾಸಿನ, ದಪ್ಪ ಕಪ್ಪು ಜಡೆಯ ಹೆಂಗಸು. ಎದುರಿಗೆ ಬಂದರೆ ನನ್ನ ತವರು ಲೋಕಿಕೆರೆ ಕಡೆಯವರು ಎನ್ನಬೇಕು. ಅವರ ಮುತ್ತಜ್ಜನ ತಂದೆಯೋ ತಾತನೋ ಕಬ್ಬು ಕಡಿಯಲು ಹಿಂದೂಸ್ತಾನದಿಂದ ಬಂದವರಂತೆ. ಭಾಷೆ ಯಾವತ್ತೋ ಹೋಗಿದೆ. ಆದರೆ ಅರಿಸಿನ ಹಾಕಿ ಮಾಡಿದ ಕೋಳಿಸಾರನ್ನು ಅವರು ‘ತಕಾರಿ’ ಎಂದಾಗ ಚಾಚಾ ತುತ್ತನ್ನು ತಟ್ಟೆಗೆ ಇಳಿಸಿದರು.

“ತರ್ಕಾರಿ ಅಂತಾರಲ್ರಿ ಅಕ್ಕಾರ ಇವ್ರು! ನಮ್ ಮಾತು ಇದು.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ನಾರ್ಮಾ ಆ ಪದವನ್ನು ಎರಡು ಮೂರು ಸಲ ನಮ್ಮ ಹಾಗೆ ಅಂದು ನೋಡಿದರು.

ಮೆಕ್ಕೆಜೋಳ ನಮ್ಮಲ್ಲಿ ಕಣ್ಣು ಹಾಯಿಸಿದಷ್ಟು ದೂರ ಬೆಳೆಯುತ್ತದೆ, ಆದರೆ ಲಾರಿ ಹತ್ತಿ ಕೋಳಿಮೇವಿಗೆ ಹೋಗುತ್ತದೆ. ಇಲ್ಲಿ ಅದೇ ಅನ್ನ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ಅಂಗೈಯಲ್ಲಿ ತಟ್ಟಿ ರೊಟ್ಟಿ ಮಾಡುತ್ತಾರೆ. ಮನೆಮನೆಯಿಂದ ತಟ್ಟುವ ಸದ್ದು ಬರುತ್ತದೆ. ಒಂದು ಮನೆಯವರ ವರ್ಷದ ಊಟವೇ ಆ ಆರುನೂರು ಕ್ವಾರ್ಟ್. ಕೂಡಿಡುವ ಜಾಗ ಸರಿಯಿಲ್ಲದೆ ಅದರಲ್ಲಿ ಒಂದಷ್ಟು ಪಾಲನ್ನು ಹುಳ ಮತ್ತು ಮಳೆ ತಿನ್ನುತ್ತಿದ್ದವು. ಈಗ ಕಾಳು ಬಿಡಿಸಿ ಒಣಗಿಸಿ ಟಾರ್ಪಾಲಿನ ಕೆಳಗೆ ರಾಶಿ ಹಾಕಿದ್ದರು. ಸಂಜೆ ಸಂಜೆ ಸಮುದ್ರದ ಕಡೆ ಮೋಡ ಏಳುತ್ತಿತ್ತು.

ಚಾಚಾ ಅಲ್ಲಿನ ಗಟ್ಟಿಮರದ ತುಂಡೊಂದನ್ನು ಕೆತ್ತಿ ಹೊಸ ಕೊಡತಿ ಮಾಡಿಕೊಂಡರು. ನಾಲ್ಕು ದಿನದಲ್ಲಿ ಎಂಟು ಕಣಜ ಎದ್ದು ನಿಂತವು. ಬಿಸಿಲಿಗೆ ಅವು ಫಳಫಳ ಹೊಳೆಯುವಾಗ ಊರಿನವರು ಬಂದು ಮುಟ್ಟಿ ಹೋದರು. ನಾನು ದಾವಣಗೆರೆಗೆ ಫೋಟೋ ಕಳಿಸಿದೆ.

ಮುನ್ನೂರಕ್ಕೆ ತುಂಬಿತು

ಐದನೆಯ ದಿನ ಬೆಳಿಗ್ಗೆ ನಾರ್ಮಾರ ಜೋಳ ಮೊದಲು ತುಂಬುವುದೆಂದಾಯಿತು. ಅವರು ಒಳಗಿನಿಂದ ಒಂದು ಚೌಕನೆಯ ಮರದ ಡಬ್ಬಿ ತಂದು, ಅದರಿಂದ ಅಳೆದು ಎಣಿಸುತ್ತಾ ಸುರಿಯತೊಡಗಿದರು. ಡಬ್ಬಿಯನ್ನು ಗೋಪುರ ಬರುವವರೆಗೆ ತುಂಬುವುದು, ಕಣಜದ ಬಾಯಿಗೆ ಬೋರಲು ಹಾಕುವುದು. ನಾನು ನೆರಳಿನಲ್ಲಿ ಕೂತು ಎಳನೀರು ಕುಡಿಯುತ್ತಿದ್ದೆ. ಇನ್ನೂರ ತೊಂಬತ್ತರ ಹೊತ್ತಿಗೆ ಕಾಳು ಬೀಳುವ ಸದ್ದು ಬದಲಾಯಿತು. ಎದ್ದು ನೋಡಿದೆ. ಇನ್ನೊಂದು ಗೇಣೂ ಉಳಿದಿರಲಿಲ್ಲ. ಮುನ್ನೂರನೆಯ ಡಬ್ಬಿ ಸುರಿದಾಗ ಕಾಳು ಅಂಚು ಮೀರಿ ನನ್ನ ಪಾದದ ಮೇಲೆ ಚೆಲ್ಲಿತು. ಟಾರ್ಪಾಲಿನ ಕೆಳಗೆ ಸರಿಯಾಗಿ ಅರ್ಧ ರಾಶಿ ಹಾಗೇ ಇತ್ತು.

ನಾರ್ಮಾ ಡಬ್ಬಿ ಹಿಡಿದೇ ನನ್ನ ಕಡೆ ನೋಡಿದರು.

ಅಡುಗೆಮನೆಯ ಹಿಂದೆ ಹೋಗಿ ನಮ್ಮ ಯಜಮಾನರಿಗೆ ಫೋನ್ ಮಾಡಿದೆ. ದಾವಣಗೆರೆಯಲ್ಲಿ ಆಗ ರಾತ್ರಿ ಊಟದ ಹೊತ್ತು.

“ಏನ್ರಿ, ನಾನು ಕಳಿಸಿದ್ ಲೆಕ್ಕದ ಹಾಳೆ ತೆಗೀರಿ. ಆರುನೂರು ಅಂತ ಐತೋ, ಮುನ್ನೂರು ಅಂತ ಐತೋ?”

“ಆರುನೂರು ಐತೆ. ಯಾಕ, ಏನಾತು?”

“ಗುಣಿಸಿ ನೋಡ್ರಿ.”

ಅವರು ಗುಣಿಸಿದರು. “ಸರಿ ಐತಲ್ಲೇ. ಅರ್ಧದ ಮ್ಯಾಲೆ ಸ್ವಲ್ಪ. ನೀನು ಊಟ ಮಾಡಿಯೋ ಇಲ್ಲೋ?”

ನಾನು ಫೋನಿಟ್ಟೆ. ಲೆಕ್ಕ ಸರಿಯಿದ್ದೂ ಕಣಜ ಅರ್ಧವಾದದ್ದು ಹೇಗೆ ಎಂದು ತಿಳಿಯದೆ ಅಳು ಬಂತು. ಅಷ್ಟರಲ್ಲಿ ಚಾಚಾ ನನ್ನನ್ನು ಕೂಗಿದರು. ಅವರ ಕೈಯಲ್ಲಿ ಬಸ್ಸಿನಲ್ಲಿ ಕುಡಿದು ಖಾಲಿಯಾದ ಒಂದು ಲೀಟರಿನ ನೀರಿನ ಬಾಟಲಿ ಇತ್ತು. ಬಾಯಿ ಕೊಯ್ದು ಅದರಿಂದ ಕಾಳು ಅಳೆದು ಆ ಮರದ ಡಬ್ಬಿಗೆ ಹಾಕುತ್ತಿದ್ದರು. ಒಂದು ಬಾಟಲಿ ಹಿಡಿಯಿತು. ಎರಡನೆಯದೂ ಹೆಚ್ಚುಕಡಿಮೆ ಪೂರ್ತಿ ಹಿಡಿದು ಮೇಲೆ ಗೋಪುರ ನಿಂತಿತು.

“ಇದು ಕ್ವಾರ್ಟ್ ಅಲ್ಲ,” ಎಂದೆ ನಾರ್ಮಾರಿಗೆ. ನನ್ನ ದನಿ ನನಗೇ ಕರ್ಕಶವಾಗಿ ಕೇಳಿತು.

“ಇದು ಕ್ವಾರ್ಟೇ,” ಎಂದರು ಅವರು. “ನನ್ನ ಅಜ್ಜ ಮಾಡಿದ್ದು. ಊರಿನಲ್ಲಿ ಎಲ್ಲರ ಮನೆಯಲ್ಲೂ ಇದೇ ಇದೆ. ಜೋಳ ಅಳೆಯುವ ಕ್ವಾರ್ಟ್ ಇದು. ಬೇರೆ ಕ್ವಾರ್ಟ್ ಯಾಕೆ ಇರುತ್ತದೆ?”

ಮದುವೆಯಾದ ಹೊಸದರಲ್ಲಿ, ಲೋಕಿಕೆರೆಯ ನನ್ನ ತವರಿನ ಸೇರಿನ ಲೆಕ್ಕದಲ್ಲಿ ಅತ್ತೆಯ ಮನೆಯಲ್ಲಿ ಅಕ್ಕಿ ಹಾಕಿ, ಹನ್ನೆರಡು ಜನರ ಮನೆಗೆ ಇಪ್ಪತ್ತು ಜನರ ಅನ್ನ ಮಾಡಿಟ್ಟವಳು ನಾನು. ಅತ್ತೆಯ ಸೇರು ಮಲೆಬೆನ್ನೂರಿನದು, ಅದರ ಹೊಟ್ಟೆಯೇ ಬೇರೆ. ಇಷ್ಟು ಗೊತ್ತಿದ್ದವಳಿಗೆ ಒಂದು ಮಾತು ಕೇಳಲು ತೋಚಲಿಲ್ಲ. ‘ನಿಮ್ಮ ಕ್ವಾರ್ಟಿನ ಫೋಟೋ ಕಳಿಸಿ’ ಎಂದಿದ್ದರೆ ಸಾಕಿತ್ತು. ಮೂರು ಸೊನ್ನೆಗಳ ಹಿಂದೆ ಬಿದ್ದು ಅದನ್ನೇ ಮರೆತಿದ್ದೆ.

“ತಪ್ಪು ನನ್ನದು,” ಎಂದೆ.

ನಾರ್ಮಾ ಮೆಟ್ಟಿಲ ಮೇಲೆ ಕೂತುಬಿಟ್ಟರು. “ಆರುನೂರು ಅಂತ ಬರೆದವಳು ನಾನು,” ಎಂದರು. “ನೀವು ವಿಮಾನ ಹತ್ತಿ ಹೋಗುತ್ತೀರಿ. ಇವರೆಲ್ಲ ಕೇಳುವುದು ನನ್ನನ್ನು.”

ಎರಡು ಪೋಸ್ಟ್ ಕಾರ್ಡು

ನಮ್ಮ ವಿಮಾನಕ್ಕೆ ಐದು ದಿನವಿತ್ತು. ಅಷ್ಟೊಂದು ಹೊಸ ತಗಡು ತರಿಸಲು ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ನಾನು ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದಾಗ ಚಾಚಾ ಎಂಟು ಕಣಜಗಳ ಸುತ್ತ ಓಡಾಡುತ್ತಿದ್ದರು. ಕೊನೆಗೆ ಬಂದು, “ಅಕ್ಕಾರ, ಎರಡು ಗಟ್ಟಿ ಕಾಗದ ಇದ್ರೆ ಕೊಡ್ರಿ,” ಎಂದರು.

ದಾರಿಯಲ್ಲಿ ಕೊಂಡಿದ್ದ ಎರಡು ಪೋಸ್ಟ್ ಕಾರ್ಡುಗಳಿದ್ದವು, ಸಮುದ್ರದ ಚಿತ್ರದವು. ಚಾಚಾ ಒಂದೊಂದನ್ನೂ ಸುತ್ತಿ ಎರಡು ಕೊಳವೆ ಮಾಡಿ, ನೆಲದ ಮೇಲೆ ನಿಲ್ಲಿಸಿ, ಕಾಳು ತುಂಬಿಸಿದರು. ಆಮೇಲೆ ಕಾಳು ಸುರಿದುಕೊಂಡು, ಎರಡೂ ಕಾರ್ಡುಗಳನ್ನು ತುದಿಗೆ ತುದಿ ಸೇರಿಸಿ ಒಂದೇ ದಪ್ಪ ಕೊಳವೆ ಮಾಡಿದರು. ಅದೇ ಕಾಳನ್ನು ಅದಕ್ಕೆ ಸುರಿದರು. ಅರ್ಧಕ್ಕೆ ನಿಂತಿತು.

ಸುತ್ತ ನಿಂತ ಹೆಂಗಸರು ಬಗ್ಗಿ ನೋಡಿದರು. ಒಬ್ಬಾಕೆ ಕೊಳವೆ ಬಿಚ್ಚಿ ತಾನೇ ಮತ್ತೊಮ್ಮೆ ಮಾಡಿ ನೋಡಿದಳು.

“ತಗಡು ಅಷ್ಟೇ,” ಎಂದರು ಚಾಚಾ. “ಎರಡು ಬಿಚ್ಚಿ ಒಂದು ಮಾಡಿದ್ರೆ ನಾಕರಷ್ಟು ಹಿಡಿತೈತೆ. ಎಂಟು ಕಣಜ ನಾಕಾಗ್ತಾವು. ಒಂದೊಂದ್ರಾಗ ಎರಡು ಮನಿ ಕಾಳು.”

ನಾನು ಲೆಕ್ಕ ಹಾಕಿದೆ. ಸರಿಯಾಗಿಯೇ ಇತ್ತು. ಆದರೆ ಈ ಸಲ ನನ್ನ ಲೆಕ್ಕವನ್ನು ನಾನು ನಂಬಲಿಲ್ಲ. ಮರದ ಡಬ್ಬಿಯನ್ನು ತರಿಸಿ, ಅದರ ಒಳಗನ್ನು ಮೂರು ಸಲ ಅಳೆದು, ಆಮೇಲೆ ಹೂಂ ಎಂದೆ.

ಎರಡು ಮನೆಗೊಂದು ಕಣಜ ಎಂದಾಗ ಆರು ಮನೆಯವರು ಅಲ್ಲೇ ಜೋಡಿಯಾದರು. ಉಳಿದ ಎರಡು ಮನೆ ನಾರ್ಮಾರದು ಮತ್ತು ಡೀಲಿಯಾ ಎಂಬ ಹೆಂಗಸಿನದು. ಡೀಲಿಯಾ ಗುಂಪಿನ ಹಿಂದೆ ತೋಳು ಕಟ್ಟಿ ನಿಂತಿದ್ದಳು. ನಾರ್ಮಾ ನೆಲ ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ಅವರು ನನಗೆ ಹೇಳಿದರು. “ಅವಳು ನನ್ನ ತಮ್ಮನ ಹೆಂಡತಿ. ತಮ್ಮನನ್ನು ಮಣ್ಣು ಮಾಡಿದ ದಿನದಿಂದ ಮಾತಿಲ್ಲ. ಏಳು ವರ್ಷವಾಯಿತು.” ಕಾರಣ ಅವರು ಹೇಳಲಿಲ್ಲ.

ಮೂರು ದೊಡ್ಡ ಕಣಜ ಮೂರು ದಿನದಲ್ಲಿ ಮುಗಿದವು. ಹಲಗೆಯ ಅಟ್ಟಣೆಯ ಮೇಲೆ ನಿಲ್ಲಿಸಿ, ಪಟ್ಟಿ ಬಿಗಿದು, ಪೇಟೆಯಿಂದ ತಂದ ಚಾವಣಿ ತಗಡಿನ ಮುಚ್ಚಳ ಹಾಕಿದೆವು. ನಾಲ್ಕನೆಯದರ ತಗಡು ಬಿದ್ದೇ ಇತ್ತು. ಒಂದು ಸಂಜೆ ಮಳೆಯೂ ಬಂದು ಹೋಯಿತು. ನಾರ್ಮಾರ ರಾಶಿಯ ಅಂಚು ಒದ್ದೆಯಾಯಿತು. ಡೀಲಿಯಾಳದೂ ಆಗಿರಬೇಕು.

ಚಾಚಾರಿಗೆ ವಿಷಯ ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಲಿಲ್ಲ. “ಮಾತಾಡೋದು ಬ್ಯಾಡ್ರಿ. ಒಳಗೊಂದು ಗೋಡೆ ಹಾಕಾನ. ಎರಡು ಬಾಯಿ, ಎರಡು ಬೀಗ. ಅವರ ಕಾಳು ಅವರಿಗೆ.”

ನಾನು ಡೀಲಿಯಾಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. “ಗೋಡೆ ನನ್ನ ಪಾಲಿನಲ್ಲಿ ಎಷ್ಟು ಕ್ವಾರ್ಟ್ ತಿನ್ನುತ್ತದೆ?” ಎಂದಳು.

“ಒಂದೂ ಇಲ್ಲ. ತಗಡು ಕಾಗದದಷ್ಟು ತೆಳು.”

“ಹಾಗಾದರೆ ಹಾಕಿ,” ಎಂದು ಬಾಗಿಲು ಮುಚ್ಚಿದಳು.

ಹೊರಡುವ ದಿನ

ಹಳೆಯ ದುಂಡು ಮುಚ್ಚಳಗಳನ್ನು ಚೌಕ ಕತ್ತರಿಸಿ, ರಿವೆಟ್ ಹೊಡೆದು ಜೋಡಿಸಿ, ಚಾಚಾ ಕಣಜದ ನಡುವೆ ಗೋಡೆ ನಿಲ್ಲಿಸಿದಾಗ ಕೊನೆಯ ದಿನದ ಬೆಳಗಾಗಿತ್ತು. ಹತ್ತು ಗಂಟೆಗೆ ನಮ್ಮ ಬಸ್ಸು. ನಾರ್ಮಾ ಆ ಕಡೆಯ ಏಣಿ ಹತ್ತಿ ತುಂಬಲು ಶುರುಮಾಡಿದರು. ಹತ್ತು ಡಬ್ಬಿ ಬಿದ್ದಿರಬೇಕು, ಚಾಚಾ ಗೋಡೆಗೆ ಕೈಯಿಟ್ಟು ನೋಡಿ, “ನಿಲ್ಸ್ರಿ, ನಿಲ್ಸ್ರಿ!” ಎಂದು ಕೂಗಿದರು.

“ಏನಾತು ಚಾಚಾ?”

“ಒಂದ್ ಕಡಿ ಅಷ್ಟೇ ತುಂಬಿದ್ರೆ ಗೋಡೆ ಖಾಲಿ ಕಡಿಗೆ ಹೊಟ್ಟಿ ಬಿಡ್ತೈತ್ರಿ. ರಿವೆಟ್ ಕಿತ್ ಬರ್ತಾವು. ಎರಡೂ ಕಡಿ ಸಮಸಮ ಏರ್ಬೇಕು. ಇವರೊಂದು ಡಬ್ಬಿ, ಅವರೊಂದು ಡಬ್ಬಿ.”

ಇದನ್ನು ನಿನ್ನೆಯೇ ಏಕೆ ಹೇಳಲಿಲ್ಲ ಎಂದು ಚಾಚಾರ ಮೇಲೆ ರೇಗಿದೆ. “ತಿನ್ನೋವಾಗೂ ಹಂಗೇ ತೆಗೀಬೇಕ್ರಿ,” ಎಂದು ಅವರು ಇನ್ನೊಂದು ಸೇರಿಸಿದರು. ಓಡಿಹೋಗಿ ಡೀಲಿಯಾಳಿಗೆ ಹೇಳಿದೆ. ಅವಳು ಕೈ ಒರೆಸಿಕೊಂಡು, ತನ್ನ ಮನೆಯ ಮರದ ಡಬ್ಬಿ ಎತ್ತಿಕೊಂಡು ಬಂದು, ಈ ಕಡೆಯ ಏಣಿ ಹತ್ತಿ, ಮೊದಲು ಹತ್ತು ಡಬ್ಬಿ ಸುರಿದು ಸಮ ಮಾಡಿದಳು. ಇಬ್ಬರ ನಡುವೆ ಒಂದೂವರೆ ಮೀಟರ್ ಅಗಲದ ಕಣಜ.

“ಒಂದು,” ಎಂದರು ನಾರ್ಮಾ, ಕಾಳನ್ನು ನೋಡುತ್ತಾ.

“ಒಂದು,” ಎಂದಳು ಡೀಲಿಯಾ.

“ಎರಡು.”

“ಎರಡು.”

ಕೆಳಗೆ ನಿಂತ ಹೆಂಗಸರು ಇಬ್ಬರ ರಾಶಿಯಿಂದಲೂ ಡಬ್ಬಿ ತುಂಬಿಕೊಡುತ್ತಿದ್ದರು. ಐವತ್ತರವರೆಗೆ ಎರಡು ದನಿಗಳೂ ಸಿಟ್ಟಿನಲ್ಲಿದ್ದವು. ಎಂಬತ್ತರ ಹೊತ್ತಿಗೆ ದಣಿವಿತ್ತು. ಚಾಚಾ ಗೋಡೆಯ ಮೇಲಿಂದ ಕೈ ತೆಗೆದಿರಲಿಲ್ಲ. ನಾನು ಒಂದು ಕಣ್ಣು ಗೋಡೆಯ ಮೇಲೆ, ಒಂದು ಕಣ್ಣು ರಸ್ತೆಯ ಮೇಲೆ ಇಟ್ಟಿದ್ದೆ.

ಆ ನಾಲ್ಕೂ ಕಣಜಗಳು ಆ ಮಳೆಗಾಲ ತಡೆದವು, ಮುಂದಿನ ಬೆಳೆಯವರೆಗೂ ಹುಳ ಬೀಳಲಿಲ್ಲ ಎಂದು ನಾರ್ಮಾ ಆಮೇಲೆ ಬರೆದರು. ಅಂದು ನನಗೆ ಅದೇನೂ ಗೊತ್ತಿರಲಿಲ್ಲ. ನೂರ ಹದಿನಾಲ್ಕು ಎಂದಾಗ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಬಿಟ್ಟರೆ ಅಂದು ಬೇರೆ ಬಸ್ಸಿಲ್ಲ, ವಿಮಾನವೂ ಇಲ್ಲ. ಚಾಚಾ ಗೋಡೆಯಿಂದ ಕೈ ತೆಗೆದು, ಅದು ನೆಟ್ಟಗೆ ನಿಂತಿದೆಯೇ ಎಂದು ಮತ್ತೊಮ್ಮೆ ನೋಡಿ, ಚೀಲ ಎತ್ತಿಕೊಂಡರು. ನಾರ್ಮಾ ಏಣಿಯ ಮೇಲಿಂದಲೇ ನನಗೆ ಕೈ ಬೀಸಿ, ಎಣಿಕೆ ತಪ್ಪೀತೆಂದು ಕೂಡಲೇ ತಿರುಗಿದರು. ಆಗ ಡೀಲಿಯಾ ಸುರಿಯುವುದನ್ನು ನಿಲ್ಲಿಸಿ, ಆ ಕಡೆಗೆ ಕೈ ತೋರಿಸಿ ಏನೋ ಅಂದಳು. ನಾರ್ಮಾ ಒಂದು ಗಳಿಗೆ ಅವಳ ಮುಖ ನೋಡಿದರು.

ನಾವು ಓಡಿ ಬಸ್ಸು ಹತ್ತಿದೆವು. ಗುಡ್ ಮಾರ್ನಿಂಗ್ ಆಯಿತು, ಸೀಟಿನಲ್ಲಿ ಮಂಡಿ ಮುದುಡಿಯಾಯಿತು. ಊರು ಮರಗಳ ಹಿಂದೆ ಹೋದ ಮೇಲೆ ಚಾಚಾ ಕೇಳಿದರು.

“ಆ ಡೀಲಿಯಮ್ಮಾರು ಕೊನಿಗೆ ಏನಂದ್ರು ಅಕ್ಕಾರ?”

“ಆ ಡಬ್ಬಿ ತುಂಬಿಲ್ಲ, ಇನ್ನೊಂದು ಹಿಡಿ ಹಾಕು ಅಂದ್ರು.”

“ಯಾರ ಡಬ್ಬಿಗೆ?”

“ನಾರ್ಮಾ ಅವರದಕ್ಕೆ.”

ಚಾಚಾ ಹೌದೇ ಎಂಬಂತೆ ತಲೆಯಾಡಿಸಿದರು. ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿ, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು.